ನೋಟ್ಸಿನಲ್ಲಿ ಹಾಡು ಇಲ್ಲದ ದಿನ

ಆ ದಿನ ಸ್ಟ್ಯಾಂಡಿನ ಮೇಲಿದ್ದ ಹಾಳೆಗಳಲ್ಲಿ ಹಾಡೇ ಇರಲಿಲ್ಲ. ಒಂದು ಹಾಳೆಗೆ ಒಂದೇ ಸ್ವರ. ಅದನ್ನು ಎಂಟು ಸೆಕೆಂಡ್ ಎಳೆಯಬೇಕು. ಮೊದಲು ಮೆಲ್ಲಗೆ, ಆಮೇಲೆ ಮಧ್ಯಮವಾಗಿ, ಆಮೇಲೆ ಜೋರಾಗಿ. ಮುಂದಿನ ಹಾಳೆಯಲ್ಲಿ ಅದರ ಪಕ್ಕದ ಸ್ವರ. ಅದೂ ಹಾಗೇ. ನಾನು ಹಾಳೆ ತಿರುವುತ್ತಾ ಹೋದೆ. ಕೊನೆಯವರೆಗೂ ಅಷ್ಟೇ.

2000ದ ಬೇಸಿಗೆ ಅದು. ಬೆಂಗಳೂರಿನ ಒಂದು ಸ್ಟುಡಿಯೊ. ಎಂಟು ಪಿಟೀಲು, ಪಿಟೀಲಿನ ಜಾತಿಯವೇ ಆದ ದೊಡ್ಡ ವಾದ್ಯಗಳಾದ ವಿಯೋಲಾ ಎರಡು, ಚೆಲ್ಲೊ ಎರಡು, ಒಟ್ಟು ಹನ್ನೆರಡು ಜನ. ನಮ್ಮನ್ನು ಕರೆಸುವ ಕೋ-ಆರ್ಡಿನೇಟರ್ ಹಿಂದಿನ ರಾತ್ರಿ ಫೋನ್ ಮಾಡಿ, 'ಸುಲಭದ ಕೆಲಸ, ಡಬಲ್ ಪೇಮೆಂಟ್' ಎಂದಿದ್ದರು. ಡಬಲ್ ಪೇಮೆಂಟ್ ಅಂದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಆ ಹೊತ್ತಿಗೆ ತಿಂಗಳಿಗೆ ನಾಲ್ಕು ಕಾಲ್‌ಶೀಟ್, ಅಂದರೆ ನಾಲ್ಕು ದಿನದ ರೆಕಾರ್ಡಿಂಗ್ ಕೆಲಸ, ಸಿಕ್ಕರೆ ಪುಣ್ಯ ಅನ್ನುವ ಹಾಗಾಗಿತ್ತು.

ನನ್ನ ಪಕ್ಕದಲ್ಲಿ ಮದ್ರಾಸಿನಿಂದ ರಾತ್ರಿ ರೈಲಿಗೆ ಬಂದಿದ್ದ ಹಿರಿಯ ಚೆಲ್ಲೊ ವಾದಕರು ಕೂತಿದ್ದರು. ಅವರು ಹಾಳೆ ನೋಡಿದರು, ಗಾಜಿನ ಆಚೆ ಇದ್ದ ಹೊಸ ಕಂಪ್ಯೂಟರ್ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: 'ನಮ್ಮ ತಿಥಿಗೆ ನಾವೇ ಅಕ್ಕಿ ಆರಿಸ್ತಾ ಇದೀವಪ್ಪ.'

ಆಗ ಹೊಳೆಯಿತು. ನಮ್ಮ ಸ್ವರಗಳನ್ನು ಒಂದೊಂದಾಗಿ ಹಿಡಿದು ಕೀಬೋರ್ಡಿನ ಒಂದೊಂದು ಮನೆಗೆ ತುಂಬುತ್ತಾರೆ. ಆಮೇಲೆ ಆ ಮನೆ ಒತ್ತಿದರೆ ನಾವು ಹನ್ನೆರಡೂ ಜನ ನುಡಿಯುತ್ತೇವೆ. ಊಟ ಕೇಳುವುದಿಲ್ಲ, ಆಟೊ ದುಡ್ಡು ಕೇಳುವುದಿಲ್ಲ, ಶ್ರುತಿ ತಪ್ಪುವುದಿಲ್ಲ.

ಅವತ್ತು ಮತ್ತು ಆಮೇಲಿನ ನಾಲ್ಕು ದಿನ ಏನಾಯಿತು ಅನ್ನುವುದನ್ನು ಹೇಳುವ ಮೊದಲು ಅಪ್ಪನ ವಿಷಯ ಹೇಳಬೇಕು. ಮುಷ್ಕರ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅಪ್ಪನಿಂದ. ತಪ್ಪಾಗಿ ಗೊತ್ತಾಗಿತ್ತು ಅಂತ ಈಗ ಅನಿಸುತ್ತದೆ.

1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಕೆಲಸ ನಿಲ್ಲಿಸಿದರು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಎಲ್ಲವೂ. ಬಿಎಚ್‌ಇಎಲ್ ನೌಕರರಿಗೆ ಸಿಗುವಷ್ಟು ಸಂಬಳ ನಮಗೂ ಕೊಡಿ ಅನ್ನುವುದು ಬೇಡಿಕೆ. 77 ದಿನ ನಡೆಯಿತು. ಅಪ್ಪ ಅಂಥದ್ದೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನನಗೆ ಹನ್ನೆರಡು ವರ್ಷ. ಬೆಳಗಿನ ಸೈರನ್ ಇಲ್ಲದೆ ನಮ್ಮ ಬೀದಿಗೆ ಬೆಳಗೇ ಆಗುತ್ತಿರಲಿಲ್ಲ. ದಿನಸಿ ಅಂಗಡಿಯ ಸಾಲದ ಪುಸ್ತಕ ತುಂಬಿ ಎರಡನೆಯದು ಬಂತು. ಅಮ್ಮನ ಎರಡು ಬಳೆ ಗಿರವಿ ಅಂಗಡಿಗೆ ಹೋದವು. ಒಂದು ಮಾತ್ರ ವಾಪಸ್ ಬಂತು. ಪಿಟೀಲು ಮೇಷ್ಟ್ರು, 'ಸಂಬಳ ಬಂದ ಮೇಲೆ ಕೊಡಿ, ಪಾಠ ನಿಲ್ಲಿಸಬೇಡಿ' ಎಂದರು. ಆ 77 ದಿನದಲ್ಲಿ ನಾನು ಕರ್ನಾಟಕ ಸಂಗೀತದ ಎರಡು ವರ್ಣ ಕಲಿತೆ. ಅಪ್ಪ ಮನೆಯಲ್ಲೇ ಇರುತ್ತಿದ್ದರಲ್ಲ, ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ.

ಮುಷ್ಕರ ಸೋತಿತು. ಕೇಳಿದ್ದು ಸಿಗದೆ ಎಲ್ಲರೂ ಒಳಗೆ ಹೋದರು. ಆದರೆ ಅಪ್ಪ ಸಾಯುವವರೆಗೂ ಒಂದು ಮಾತು ಹೇಳುತ್ತಿದ್ದರು: 'ನಾವು ಹೋಗದೆ ಇದ್ರೆ ಆ ಮೆಷಿನ್ನು ತಾನಾಗೇ ತಿರುಗಲ್ಲ ಕಣೋ.' ನನಗೆ ಅದೇ ಮುಷ್ಕರದ ಸೂತ್ರ ಅನಿಸಿತ್ತು. ನಾನು ಹೋದ ಕಸುಬಿನಲ್ಲಿ ಮೆಷಿನ್ನು ತಾನಾಗೇ ತಿರುಗುವ ಕಾಲ ಬರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾನು ಸ್ಟುಡಿಯೊಗೆ ಕಾಲಿಟ್ಟಿದ್ದು 1990ರಲ್ಲಿ. ಅದಕ್ಕೆ ಮೊದಲು ಕನ್ನಡ ಸಿನಿಮಾದ ಹಾಡುಗಳೆಲ್ಲ ಹೆಚ್ಚಾಗಿ ಮದ್ರಾಸಿನಲ್ಲೇ ಆಗುತ್ತಿದ್ದವು. ನಾನು ಬರುವ ಹೊತ್ತಿಗೆ ಶಂಕರ್ ನಾಗ್, ಅನಂತ್ ನಾಗ್ ಸೋದರರು ಸಂಕೇತ್ ಸ್ಟುಡಿಯೊ ಕಟ್ಟಿದ್ದರು, ಕ್ಯಾಸೆಟ್ ಕಂಪನಿಗಳು ನಾಯಿಕೊಡೆಯ ಹಾಗೆ ಎದ್ದಿದ್ದವು. ಭಾವಗೀತೆ, ಭಕ್ತಿಗೀತೆ, ಜನಪದ ಗೀತೆ, ಅಯ್ಯಪ್ಪನ ಸೀಸನ್ನಿಗೆ ಬೇರೆ, ಗಣೇಶನ ಹಬ್ಬಕ್ಕೆ ಬೇರೆ. ಬೆಂಗಳೂರಿನಲ್ಲೇ ಬೇಕಾದಷ್ಟು ಕೆಲಸ ಹುಟ್ಟಿತ್ತು.

ಆದರೆ ನನಗೆ ಬರುತ್ತಿದ್ದುದು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಒರಗಿಸಿ ನುಡಿಸುವುದು. ಸ್ಟುಡಿಯೊದಲ್ಲಿ ಕುರ್ಚಿ. ಪಿಟೀಲು ಗದ್ದದ ಕೆಳಗೆ. ಕಣ್ಣು ಸ್ಟಾಫ್ ನೊಟೇಶನ್ ಮೇಲೆ, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯ ಮೇಲೆ. ನಮ್ಮ ಕೈ ಗಮಕ ಮಾಡಿ ಮಾಡಿ ಸ್ವರವನ್ನು ಅಲ್ಲಾಡಿಸದೆ ಇಡುವುದನ್ನೇ ಮರೆತಿರುತ್ತದೆ. ಮೈಸೂರಿನ ಪೊಲೀಸ್ ಇಂಗ್ಲಿಷ್ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರ ಹತ್ತಿರ ಒಂದು ವರ್ಷ ಹೊಸದಾಗಿ ಅಕ್ಷರಾಭ್ಯಾಸ ಮಾಡಿದೆ. 'ಗಾಳಿಯಲ್ಲಿ ದೀಪ ಅಲ್ಲಾಡೋ ಹಾಗೆ ನುಡಿಸ್ತೀಯ, ಗಾಳಿ ನಿಲ್ಲಿಸು' ಅಂತ ಬೈಯುತ್ತಿದ್ದರು.

ಮೊದಲ ಕಾಲ್‌ಶೀಟಿಗೆ ನನಗೆ ಸಿಕ್ಕಿದ್ದು 350 ರೂಪಾಯಿ. ಬೆಳಗ್ಗೆ ಒಂಬತ್ತಕ್ಕೆ ನೋಟ್ಸ್ ಹಂಚುತ್ತಾರೆ. ಕೈಬರಹದ ನೋಟ್ಸ್, ಇಂಕು ಇನ್ನೂ ಹಸಿ. ಮಾತಿನ ನಡುವೆ ಶ್ರುತಿ ಮಾಡಿಕೊಳ್ಳುತ್ತೇವೆ. ಎರಡು ಸಲ ಮಾನಿಟರ್, ಅಂದರೆ ರಿಹರ್ಸಲ್. ಆಮೇಲೆ ಫ್ಯಾನು ಆರಿಸುತ್ತಾರೆ. ಕೆಂಪು ದೀಪ ಹತ್ತುತ್ತದೆ. ಕಂಡಕ್ಟರ್ ಕೈ ಎತ್ತುತ್ತಾರೆ. ಆ ಎರಡು ಸೆಕೆಂಡಿನಲ್ಲಿ ಹನ್ನೆರಡು ಜನ ಒಟ್ಟಿಗೆ ಉಸಿರು ಎಳೆದುಕೊಳ್ಳುವ ಸದ್ದು ಇದೆಯಲ್ಲ, ಅದು ಇವತ್ತಿಗೂ ನನಗೆ ಕನಸಿನಲ್ಲಿ ಬರುತ್ತದೆ. ಯಾರಾದರೂ ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಟೇಪ್ ಹಿಂದಕ್ಕೆ ಸುತ್ತುವಾಗ ಎಲ್ಲರೂ ನೆಲ ನೋಡುತ್ತೇವೆ. ತಪ್ಪು ಯಾರದು ಅಂತ ಎಲ್ಲರಿಗೂ ಗೊತ್ತು. ಯಾರೂ ಹೇಳುವುದಿಲ್ಲ. ಸಂಘ ಅಂದರೆ ಅದೇ ಅಂತ ಆಗ ಅಂದುಕೊಂಡಿದ್ದೆ.

ಸಂಜೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ವೋಚರಿನಲ್ಲಿ ಅಚ್ಚಾಗಿದ್ದ ಸಾಲು: ಪೂರ್ತಿ ಹಣ ಸಂದಾಯವಾಗಿದೆ, ಮುಂದೆ ಯಾವ ಹಕ್ಕೂ ಇರುವುದಿಲ್ಲ. ಎಷ್ಟು ಸಲ ಸಹಿ ಮಾಡಿದ್ದೇನೋ ಲೆಕ್ಕವಿಲ್ಲ. ಕ್ಯಾಸೆಟ್ ಹತ್ತು ಮಾರಲಿ, ಹತ್ತು ಲಕ್ಷ ಮಾರಲಿ, ನಮಗೆ ಅದೇ ಆ ದಿನದ ಕೂಲಿ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ಅಂಗಡಿಯಿಂದ ನಾನು ನುಡಿಸಿದ ಬಿಟ್ ಕೇಳಿಸಿದರೆ ಖುಷಿಯಾಗುತ್ತಿತ್ತು. ಬರೀ ಖುಷಿ. 'ಇದರಲ್ಲಿ ನನ್ನ ಪಾಲು ಎಲ್ಲಿ' ಅಂತ ಒಂದು ದಿನವೂ ಅನಿಸಲಿಲ್ಲ. ನಿಜ ಹೇಳಬೇಕು.

ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. 1995ರಲ್ಲಿ ನನ್ನ ಮದುವೆ. ವಾಲಗದವರನ್ನು ಕರೆಸುವ ದುಡ್ಡು ಉಳಿಸೋಣ ಅಂತ ನಾದಸ್ವರದ ಕ್ಯಾಸೆಟ್ ಹಾಕಿಸಿದೆವು. ಮಾಂಗಲ್ಯಧಾರಣೆ ಹೊತ್ತಿಗೆ ಸರಿಯಾಗಿ ಗಟ್ಟಿಮೇಳ ಬರಬೇಕು ಅಂತ ಚಿಕ್ಕಪ್ಪನ ಮಗ ಟೇಪ್ ರೆಕಾರ್ಡರ್ ಹತ್ತಿರ ಬೆರಳಿಟ್ಟುಕೊಂಡು ಕೂತಿದ್ದ. ನಾನು ಸಂಗೀತದಿಂದ ಅನ್ನ ತಿನ್ನುವವನು. ನನ್ನ ಮದುವೆಯಲ್ಲೇ ಎರಡು ನಾದಸ್ವರ, ಎರಡು ಡೋಲು, ಒಬ್ಬ ತಾಳದವನ ಊಟ ಕಿತ್ತುಕೊಂಡಿದ್ದೆ. ಆಗ ಯಾರೂ ತಪ್ಪು ಅನ್ನಲಿಲ್ಲ. ನನಗೂ ಹಾಗೆ ಅನಿಸಲಿಲ್ಲ.

ನಮ್ಮ ಸರದಿ ಬಂದಿದ್ದು ನಿಧಾನವಾಗಿ. ಮೊದಲು ಕೀಬೋರ್ಡ್ ಬಂತು, ಕೊಳಲು ವೀಣೆ ಬಿಟ್ಟು ಉಳಿದಿದ್ದನ್ನೆಲ್ಲ ಅದೇ ನುಡಿಸತೊಡಗಿತು. ಆಮೇಲೆ ಹನ್ನೆರಡು ಜನ ಪಿಟೀಲಿನವರ ಬದಲು ನಾಲ್ಕು ಜನ. ಆ ನಾಲ್ಕೇ ಜನ ಒಂದೇ ಸಾಲನ್ನು ಮೂರು ಸಲ ನುಡಿಸಿ ಮೂರು ಟ್ರ್ಯಾಕಿಗೆ ತುಂಬಬೇಕು. ಹನ್ನೆರಡು ಜನರ ಸದ್ದು, ನಾಲ್ಕು ಜನರ ಕೂಲಿ. ನಾನು ಉಳಿದ ನಾಲ್ಕರಲ್ಲಿ ಒಬ್ಬನಾಗಿದ್ದೆ. ಹಾಗಾಗಿ ಸುಮ್ಮನಿದ್ದೆ. ಹೊರಗುಳಿದ ಎಂಟು ಜನ ದಾರಿಯಲ್ಲಿ ಸಿಕ್ಕರೆ, 'ಕೆಲಸ ಹೇಗಿದೆ' ಅಂತ ಕೇಳುತ್ತಿರಲಿಲ್ಲ. ಅವರು ಹೇಳಿಬಿಟ್ಟರೆ ಏನು ಮಾಡುವುದು?

ಈಗ ಆ 2000ದ ದಿನಕ್ಕೆ ಬರುತ್ತೇನೆ.

ಮೊದಲ ಎರಡು ಗಂಟೆ ನುಡಿಸಿದೆವು. ಹನ್ನೊಂದಕ್ಕೆ ಟೀ. ಹನ್ನೆರಡು ಜನವೂ ಹೊರಗೆ ಹೊಂಗೆ ಮರದ ಕೆಳಗೆ ನಿಂತೆವು. ಚೆಲ್ಲೊ ಹಿರಿಯರೇ ಮಾತು ತೆಗೆದರು. ಮದ್ರಾಸಿನಲ್ಲಿ ವಾದ್ಯಗಾರರ ಸಂಘ ಹಳೆಯದು, ಗಟ್ಟಿಯಾದದ್ದು. ಅವರಿಗೆ ಹೀಗೆ ಕೇಳಿ ಅಭ್ಯಾಸ. ನಮಗೆ ಅಭ್ಯಾಸವಿಲ್ಲ. ಒಂದು ನೋಟ್ಸ್ ಹಾಳೆಯ ಹಿಂಭಾಗದಲ್ಲಿ ಮೂರು ಮಾತು ಬರೆದೆವು. ಈ ಸ್ವರಗಳು ಬೇರೆ ಸ್ಟುಡಿಯೊಗೆ ಹೋಗಬಾರದು. ನಮ್ಮ ಹೆಸರು ಎಲ್ಲಾದರೂ ಇರಬೇಕು. ಬಳಸಿದ ಪ್ರತಿ ಹಾಡಿಗೂ ನಮಗೆ ಸ್ವಲ್ಪ ಸಿಗಬೇಕು. 'ಸ್ವಲ್ಪ' ಅಂದರೆ ಎಷ್ಟು ಅಂತ ಯಾರಿಗೂ ಹೊಳೆಯಲಿಲ್ಲ. ಖಾಲಿ ಬಿಟ್ಟೆವು.

ಕೆಲಸ ಕೊಟ್ಟಿದ್ದವರು ಕೆಟ್ಟವರೇನಲ್ಲ. ಓದಿ ನಕ್ಕರು, ಆದರೆ ವ್ಯಂಗ್ಯವಾಗಿ ಅಲ್ಲ. 'ಯಾವ ಹಾಡಿಗೆ ಯಾವ ಸ್ವರ ಬಳಸಿದ್ರು ಅಂತ ಲೆಕ್ಕ ಇಡೋಕಾಗತ್ತಾ ಸಾರ್? ದಿನದ ಕೆಲಸ, ದಿನದ ದುಡ್ಡು. ಬೇಕಾದ್ರೆ ಇನ್ನೊಂದು ಇನ್ನೂರು ಸೇರಿಸ್ತೀನಿ.' ಚೆಲ್ಲೊ ಹಿರಿಯರು ಕಮಾನನ್ನು ಸಡಿಲಿಸತೊಡಗಿದರು. ನುಡಿಸುವುದು ಮುಗಿದ ಮೇಲೆ ಕಮಾನಿನ ತುದಿಯ ತಿರುಪು ತಿರುಗಿಸಿ ಕೂದಲು ಸಡಿಲ ಮಾಡುತ್ತೇವೆ. ಇಡೀ ದಿನ ಉಳಿದಿರುವಾಗ ಯಾರೂ ಹಾಗೆ ಮಾಡುವುದಿಲ್ಲ. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಹನ್ನೆರಡು ಪೆಟ್ಟಿಗೆಗಳ ಚಿಲಕ ಬೀಳುವ ಸದ್ದು. ಯಾರೂ ಮುಷ್ಕರ ಅನ್ನುವ ಪದ ಬಳಸಲಿಲ್ಲ. ಘೋಷಣೆಯಿಲ್ಲ, ಬಾವುಟವಿಲ್ಲ. 'ಬರಲ್ಲ' ಅಂದೆವು, ಅಷ್ಟೇ.

ಅವತ್ತು ರಾತ್ರಿ ನನಗೆ ಅಪ್ಪನ ಮಗ ಅನಿಸಿತು.

ಎರಡನೇ ದಿನ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು. ಎಲ್ಲರೂ ಗಟ್ಟಿ. ಮೂರನೇ ದಿನ ಫೋನ್ ಕಡಿಮೆಯಾಯಿತು. ನಾಲ್ಕನೇ ದಿನ ಕೋ-ಆರ್ಡಿನೇಟರ್ ಮನೆಗೇ ಬಂದರು. ಕಾಫಿ ಕುಡಿದರು. ಬೆದರಿಸಲಿಲ್ಲ. 'ಹೊರದೇಶದ ಸಿ.ಡಿ. ತರಿಸ್ತಾರಂತೆ. ಅದರಲ್ಲಿ ದೊಡ್ಡ ಆರ್ಕೆಸ್ಟ್ರಾದ ಸ್ವರ ಎಲ್ಲಾ ಇದೆಯಂತೆ. ಒಂದು ಸಲ ದುಡ್ಡು ಕೊಟ್ರೆ ಮುಗೀತು. ನಿಮಗೆ ಕೊಡೋದು ಇದೇ ಕೊನೇ ಕೆಲಸ ಅಂದ್ಕೊಳ್ಳಿ, ಅದನ್ನಾದ್ರೂ ತಗೊಳ್ಳಿ.' ಅಂಥ ಸಿ.ಡಿ.ಗಳು ಆಗಲೇ ಸಿಗುತ್ತಿದ್ದವು ಅನ್ನುವುದು ನಿಜ. ಅವರು ಸುಳ್ಳು ಹೇಳಲಿಲ್ಲ. ನಾವು ಬಾಗಿಲು ಮುಚ್ಚಿದ್ದೆವು, ಆದರೆ ಮನೆಗೆ ಗೋಡೆಯೇ ಇರಲಿಲ್ಲ.

ಐದನೇ ದಿನ ಏಳು ಜನ ಹೋಗಿ ಕೂತರು. ಆ ಏಳರಲ್ಲಿ ನಾನೂ ಒಬ್ಬ. ಚೆಲ್ಲೊ ಹಿರಿಯರು ಬರಲಿಲ್ಲ. ಅವರು ಮತ್ತೆ ಬೆಂಗಳೂರಿಗೇ ಬರಲಿಲ್ಲ.

ಎರಡು ದಿನ ಸ್ವರ ನುಡಿಸಿದೆವು. ಎರಡನೇ ದಿನ ಸಂಜೆ, ಎಫ್ ಶಾರ್ಪ್ ಅನ್ನುವ ಸ್ವರ, ಮೆಲ್ಲಗೆ ನುಡಿಸುವ ಹಾಳೆ. ಎಂಟು ಸೆಕೆಂಡಿನ ಕೊನೆಗೆ ಬೆನ್ನು ನೋವಿಗೆ ನಾನು ಚೂರು ಹಿಂದಕ್ಕೆ ಒರಗಿದೆ. ಕುರ್ಚಿ ಕಿರ್ ಅಂತು. ಇನ್ನೊಂದು ಟೇಕ್ ಕೇಳುತ್ತಾರೆ ಅಂತ ಕಾಯ್ದೆ. ಗಾಜಿನ ಆಚೆಯವನಿಗೂ ಸಾಕಾಗಿತ್ತೇನೋ. 'ಓಕೆ, ನೆಕ್ಸ್ಟ್' ಅಂದ.

ಎರಡು ವರ್ಷ ಆದ ಮೇಲೆ ಮನೆಯಲ್ಲಿ ಟಿ.ವಿ. ನೋಡುತ್ತಾ ಊಟ ಮಾಡುತ್ತಿದ್ದೆವು. ಯಾವುದೋ ಧಾರಾವಾಹಿ. ಸೊಸೆ ಅಳುತ್ತಿದ್ದಾಳೆ, ಹಿಂದೆ ಪಿಟೀಲುಗಳ ಗುಂಪು ಮೆಲ್ಲಗೆ. ಸ್ವರ ನಿಲ್ಲುವ ಜಾಗದಲ್ಲಿ ಸಣ್ಣದಾಗಿ: ಕಿರ್. ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಹೆಂಡತಿ 'ಏನಾಯ್ತು' ಅಂದಳು. 'ಅದು ನನ್ನ ಕುರ್ಚಿ' ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಸೊಸೆ ಇನ್ನೊಂದು ಸಲ ಅತ್ತಳು. ಕುರ್ಚಿ ಇನ್ನೊಂದು ಸಲ ಕಿರ್ ಅಂತು.

ಆ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. ನಮ್ಮ ಕಥೆ ಅಮೆರಿಕದಲ್ಲಿ ನಮ್ಮಪ್ಪ ಹುಟ್ಟಿದ ಕಾಲಕ್ಕೇ ನಡೆದುಹೋಗಿತ್ತು. ಅಲ್ಲಿನ ವಾದ್ಯಗಾರರ ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲೊ ಅಂತ ಒಬ್ಬ. ಷಿಕಾಗೊದವನು, ಹುಡುಗನಾಗಿದ್ದಾಗ ಟ್ರಂಪೆಟ್ ಊದುತ್ತಿದ್ದ. 1942ರ ಆಗಸ್ಟ್ 1ರಿಂದ ನಮ್ಮವರು ಯಾರೂ ಗ್ರಾಮಫೋನ್ ರೆಕಾರ್ಡಿಗೆ ನುಡಿಸುವುದಿಲ್ಲ ಅಂತ ಆತ ಹೇಳಿಬಿಟ್ಟ. ಹೋಟೆಲುಗಳಲ್ಲಿ ಕಾಸು ಹಾಕಿದರೆ ರೆಕಾರ್ಡು ನುಡಿಸುವ ಜೂಕ್‌ಬಾಕ್ಸ್, ರೇಡಿಯೊದಲ್ಲಿ ರೆಕಾರ್ಡು. ತಾನು ಒಂದು ಸಲ ನುಡಿಸಿದ ರೆಕಾರ್ಡೇ ತನ್ನ ಕೆಲಸ ತಿನ್ನುತ್ತಿದೆ ಅನ್ನುವುದು ದೂರು. ಎರಡನೇ ಮಹಾಯುದ್ಧದ ಕಾಲ ಬೇರೆ. ಪತ್ರಿಕೆಗಳು ಆತನನ್ನು ಹಿಗ್ಗಾಮುಗ್ಗಾ ಬೈದವು. ಅಧ್ಯಕ್ಷ ರೂಸ್‌ವೆಲ್ಟ್ ಕೇಳಿಕೊಂಡರೂ ಬಗ್ಗಲಿಲ್ಲ. 1943ರಲ್ಲಿ ಡೆಕ್ಕಾ ಕಂಪನಿ ಒಪ್ಪಿತು. ದೊಡ್ಡವರಾದ ಆರ್‌ಸಿಎ ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರ್‌ವರೆಗೂ ಹಟ ಹಿಡಿದು ಕೊನೆಗೆ ಒಪ್ಪಿದವು.

ನನಗೆ ಮುಖ್ಯ ಅನಿಸಿದ್ದು ಪೆಟ್ರಿಲೊ ಏನು ಕೇಳಿದ ಅನ್ನುವುದು. ಆತ ಕೂಲಿ ಜಾಸ್ತಿ ಮಾಡಿ ಅನ್ನಲಿಲ್ಲ. ಮಾರಾಟವಾದ ಒಂದೊಂದು ರೆಕಾರ್ಡಿನಿಂದಲೂ ಚೂರು ಕಾಸು ಒಂದು ನಿಧಿಗೆ ಬರಲಿ ಅಂದ. ಆ ನಿಧಿಯಿಂದ ಕೆಲಸವಿಲ್ಲದ ವಾದ್ಯಗಾರರಿಗೆ ದುಡ್ಡು ಕೊಟ್ಟು ಪಾರ್ಕು, ಆಸ್ಪತ್ರೆಗಳಲ್ಲಿ ಜನರಿಗೆ ಪುಕ್ಕಟೆ ಕಛೇರಿ ಮಾಡಿಸಿದರು. ಸಂಘವೇ ನಿಧಿ ನಡೆಸುವ ಹಾಗಿಲ್ಲ ಅಂತ 1947ರಲ್ಲಿ ಕಾನೂನು ಬಂದಾಗ, 1948ರಲ್ಲಿ ಇನ್ನೊಮ್ಮೆ ಹೆಚ್ಚುಕಡಿಮೆ ಇಡೀ ವರ್ಷ ರೆಕಾರ್ಡಿಂಗ್ ನಿಲ್ಲಿಸಿ, ಸ್ವತಂತ್ರ ಟ್ರಸ್ಟ್ ಮಾಡಿಸಿಕೊಂಡರು.

ಮೋಸ ಹೋದದ್ದೂ ಇದೆ. ಹಾಡುಗಾರರು ಆ ಸಂಘದ ಸದಸ್ಯರಲ್ಲ. ಕಂಪನಿಗಳು ವಾದ್ಯವೇ ಇಲ್ಲದೆ, ಹಿಂದೆ ಕೋರಸ್ ಇಟ್ಟುಕೊಂಡು ಹಾಡಿಸಿದವು. ಫ್ರಾಂಕ್ ಸಿನಾಟ್ರಾ ಕೂಡ 1943ರಲ್ಲಿ ಹಾಗೆ ಹಾಡಿದರು. ಮುಷ್ಕರ ಮುಗಿಯುವಷ್ಟರಲ್ಲಿ ಜನರ ಕಿವಿ ಬ್ಯಾಂಡಿನಿಂದ ಗಾಯಕನ ಕಡೆಗೆ ತಿರುಗಿತ್ತು. ದೊಡ್ಡ ಬ್ಯಾಂಡುಗಳ ಕಾಲ ಮುಗಿಯಲು ಬೇರೆ ಕಾರಣಗಳೂ ಇದ್ದವು, ಆದರೆ ಇದೂ ಒಂದು. ನೀನು ಬಿಟ್ಟ ಕುರ್ಚಿಯಲ್ಲಿ ಯಾರೋ ಕೂರುತ್ತಾರೆ ಅನ್ನುವುದು ಅಪ್ಪನ ಸೂತ್ರದಲ್ಲಿ ಇರಲಿಲ್ಲ.

ಹಾಗಾಗಿ ಮುಷ್ಕರದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ವಿಚಿತ್ರ. ಕಲಾವಿದರು ಮುಷ್ಕರ ಮಾಡಬಾರದು, ಅದು ಸರಸ್ವತಿ ಸೇವೆ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸೇವೆ ಮಾಡಿಸಿಕೊಂಡವರು ಮನೆ ಮೇಲೆ ಮನೆ ಕಟ್ಟಿದ್ದಾರೆ, ಸರಸ್ವತಿ ಏನೂ ಕಟ್ಟಿಸಿಕೊಂಡಿಲ್ಲ. ಆದರೆ ಕೆಲಸ ನಿಲ್ಲಿಸುವುದೇ ದೊಡ್ಡ ಆಯುಧ ಅನ್ನುವ ಸಂಘದ ಗೆಳೆಯರ ಮಾತೂ ನನಗೆ ಪೂರ್ತಿ ಹಿಡಿಸುವುದಿಲ್ಲ. ನಾವು ದಿನಗೂಲಿಗೆ ಜಗಳವಾಡಿ ಜಗಳವಾಡಿ, 350 ಅನ್ನು 400 ಮಾಡಿಸಿಕೊಂಡೆವು, 400 ಅನ್ನು 500. ಆ ಹತ್ತು ವರ್ಷ ನಮ್ಮನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಪಾಲು ಕೇಳಬೇಕಿದ್ದುದು ಆಗ. ನಾವು ಕೇಳಿದ್ದು ಕಂಪ್ಯೂಟರ್ ಬಂದು ಕೂತ ಮೇಲೆ, ಮರದ ಕೆಳಗೆ, ಟೀ ಕುಡಿಯುತ್ತಾ.

ಪಾಲಿನ ಮಾತು ನಮ್ಮ ದೇಶದಲ್ಲಿ ಕಾನೂನಾಗಿ ಬಂದಿದ್ದು 2012ರಲ್ಲಿ. ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಹಿಂದಿ ಸಿನಿಮಾಗಳ ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದರ ಪರ ಮಾತಾಡಿದರು. ಹಾಡು ಬರೆದವರು, ಸಂಗೀತ ಕೊಟ್ಟವರು ತಮ್ಮ ರಾಯಲ್ಟಿಯನ್ನು ಬಿಟ್ಟುಕೊಟ್ಟೆವು ಅಂತ ಸಹಿ ಹಾಕಿದರೂ ನಡೆಯುವುದಿಲ್ಲ ಅಂತಾಯಿತು. ಹಾಡಿದವರು, ನುಡಿಸಿದವರಿಗೂ ರಾಯಲ್ಟಿಯ ಹಕ್ಕು ಬಂತು. ಗೆಳೆಯನೊಬ್ಬ ಪೇಪರ್ ಕತ್ತರಿಸಿ ತಂದುಕೊಟ್ಟ. ಅವತ್ತು ಮನೆಯಲ್ಲಿ ಕೇಸರಿಬಾತ್ ಮಾಡಿಸಿದೆ.

ಕೆಲವು ವರ್ಷ ಬಿಟ್ಟು, ಆ ರಾಯಲ್ಟಿ ಹಂಚುವ ಒಂದು ಸಂಸ್ಥೆಗೆ ಅರ್ಜಿ ಹಾಕಲು ಹೋದೆ. ಪ್ಯಾನ್ ಕಾರ್ಡ್, ರದ್ದು ಮಾಡಿದ ಚೆಕ್ಕು, ಫೋಟೊ, ಎಲ್ಲಾ ಸರಿ. ಆಮೇಲೆ ಒಂದು ಕೋಷ್ಟಕ. ನೀವು ನುಡಿಸಿದ ಹಾಡು, ಚಿತ್ರ ಅಥವಾ ಆಲ್ಬಂ, ವರ್ಷ, ಕಂಪನಿ, ಮತ್ತು ನೀವೇ ನುಡಿಸಿದ್ದು ಅನ್ನುವುದಕ್ಕೆ ಪುರಾವೆ. ಪುರಾವೆ ಎಲ್ಲಿಂದ ತರಲಿ? ಮನೆಯ ಅಟ್ಟ ಹತ್ತಿ ಹಳೆಯ ಕ್ಯಾಸೆಟ್ ಡಬ್ಬ ಇಳಿಸಿದೆ. ಒಂದೊಂದೇ ಇನ್ಲೇ ಕಾರ್ಡ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಗಾಯಕರ ಹೆಸರು ದಪ್ಪಕ್ಷರದಲ್ಲಿ. ಸಂಗೀತ, ಸಾಹಿತ್ಯ, ನಿರ್ಮಾಪಕರು, ಮುದ್ರಣಾಲಯ ಕೂಡ. ನಮ್ಮದು ಎಲ್ಲೂ ಇಲ್ಲ. ಒಂದೇ ಒಂದು ಭಾವಗೀತೆ ಕ್ಯಾಸೆಟ್ಟಿನಲ್ಲಿ 'ಪಿಟೀಲು ಮತ್ತು ಸಂಗಡಿಗರು' ಅಂತ ಇತ್ತು. ನಾನು 'ಸಂಗಡಿಗರು'.

ಸಿನಿಮಾದ್ದು ಇನ್ನೂ ಕಷ್ಟ. ಕಾಯ್ದೆಯಲ್ಲೇ ಒಂದು ಸಾಲಿದೆ ಅಂತ ಪರಿಚಯದ ವಕೀಲರು ತೋರಿಸಿದರು. ಸಿನಿಮಾದಲ್ಲಿ ಯಾರ ಕೆಲಸ ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಟೈಟಲ್ ಕಾರ್ಡಿನಲ್ಲೂ ಎಲ್ಲೂ ಹಾಕುವುದಿಲ್ಲವೋ, ಅಂಥವರನ್ನು ಪರ್ಫಾರ್ಮರ್, ಅಂದರೆ ಹಾಡುವ ನುಡಿಸುವ ಕಲಾವಿದರು, ಅಂತ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಅವರ ಪ್ರದರ್ಶನವನ್ನು ಯಾರಾದರೂ ಮಾನಹಾನಿಯಾಗುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕು ಮಾತ್ರ ಇರುತ್ತದೆ. ಎರಡು ಸಲ ಓದಿಸಿಕೊಂಡೆ. ರೂಢಿಯಂತೆ ಹೆಸರು ಹಾಕುವುದಿಲ್ಲ, ಆದ್ದರಿಂದ ಹಕ್ಕಿಲ್ಲ. ಆ ರೂಢಿ ಮಾಡಿದವರು ಯಾರು ಅಂತ ಕಾಯ್ದೆ ಕೇಳುವುದಿಲ್ಲ. ನೂರಾರು ಸಲ ಪಿಟೀಲು ಹಿಡಿದು ಕೂತಿದ್ದು 'ಪ್ರಾಸಂಗಿಕ'ವೋ ಅಲ್ಲವೋ ಅಂತ ವಾದ ಮಾಡಬಹುದು, ಕೋರ್ಟಿಗೆ ಹೋಗಬಹುದು ಅಂದರು ವಕೀಲರು. ಅವರಿಗೆ ಪಾಪ ಒಳ್ಳೆಯ ಮನಸ್ಸು. ನಾನು ಅರ್ಜಿಯಲ್ಲಿ ಹನ್ನೊಂದು ಹಾಡು ಬರೆದು ಕೊಟ್ಟು ಬಂದೆ. ಇಲ್ಲಿಯವರೆಗೆ ಬಂದಿರುವ ದುಡ್ಡು, ಹೋಗಿಬರುವ ಬಸ್ ಚಾರ್ಜಿಗೆ ಸರಿಹೋಯಿತು.

ಈಗ ನನಗೆ ಐವತ್ತೇಳು. ಮನೆಯಲ್ಲಿ ಇಪ್ಪತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ. ಕೊರೊನಾ ಬಂದ ಮೇಲೆ ಸಣ್ಣ ಕೋಣೆಗೆ ರಗ್ಗು, ಹಳೆ ಹಾಸಿಗೆ ಕಟ್ಟಿ ಒಂದು ಮೈಕು ಇಟ್ಟುಕೊಂಡಿದ್ದೇನೆ. ಯಾರೋ ಟ್ರ್ಯಾಕ್ ಕಳಿಸುತ್ತಾರೆ, ನಾನು ನುಡಿಸಿ ಕಳಿಸುತ್ತೇನೆ, ಫೋನಿಗೆ ದುಡ್ಡು ಬರುತ್ತದೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮರದ ಕೆಳಗೆ ನಿಂತು ಮಾತಾಡೋಣ ಅಂದರೆ ಮರವೂ ಇಲ್ಲ, ಟೀಯೂ ಇಲ್ಲ. ಹಳೆಯ ವ್ಯವಹಾರ ನಮ್ಮನ್ನು ಕಡಿಮೆ ದುಡ್ಡಿಗೆ ದುಡಿಸಿತು ನಿಜ, ಆದರೆ ಒಂದೇ ಕೋಣೆಯಲ್ಲಿ ಕೂರಿಸಿತ್ತು. ಹೊಸದು ಅದನ್ನೂ ತೆಗೆದುಬಿಟ್ಟಿದೆ.

ನನ್ನ ಒಬ್ಬ ಶಿಷ್ಯೆ ತಾನೇ ರಾಗ ಹಾಕಿ ನಾಲ್ಕು ಹಾಡು ಹೊರತಂದಳು. ಒಂದು ದೊಡ್ಡ ಸ್ಟ್ರೀಮಿಂಗ್ ಕಂಪನಿ 2024ರಿಂದ ಒಂದು ನಿಯಮ ಮಾಡಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸದ ಹಾಡಿಗೆ ಕಾಸಿಲ್ಲ. ಅವಳ ಒಂದು ಹಾಡು 940ಕ್ಕೆ ನಿಂತಿತ್ತು. 'ಸಾರ್, ನೀವು ರಾತ್ರಿ ಮಲಗೋ ಮುಂಚೆ ಹಾಕಿಟ್ಟು ಮಲಗಿ' ಅಂದಳು. ಹಾಕಿಟ್ಟು ಮಲಗಿದೆ. ಕೆಲವು ದಿನ ನಿಜವಾಗಲೂ ನಿದ್ದೆ ಚೆನ್ನಾಗಿ ಬಂತು.

ಅವಳೇ ಕಳೆದ ತಿಂಗಳು ಒಂದು ಇ-ಮೇಲ್ ತೋರಿಸಿದಳು. ನನಗೂ ಬಂದಿತ್ತು, ನಾನು ಓದಿರಲಿಲ್ಲ. ನಾವು ಕೆಲವರು ಆಗಾಗ ನುಡಿಸಿ ಕಳಿಸುವ ಒಂದು ಕಂಪನಿಯ ಹೊಸ ಕರಾರು. ಒಂಬತ್ತು ಪುಟ. ಆರನೇ ಪುಟದಲ್ಲಿ ಒಂದು ಸಾಲು. ನೀವು ಕಳಿಸಿದ ಧ್ವನಿಯನ್ನು ಕಂಪ್ಯೂಟರ್ (ಎಐ) ಮಾದರಿಗಳ ತರಬೇತಿಗೆ ಬಳಸಬಹುದು, ಇದಕ್ಕೆ ಬೇರೆ ಹಣ ಇರುವುದಿಲ್ಲ. ಶಿಷ್ಯೆ ಕೇಳಿದಳು, 'ಇದೇನು ಸಾರ್?' ನನಗೆ ವಿವರಿಸಲು ಕಷ್ಟವೇ ಆಗಲಿಲ್ಲ. ಎಫ್ ಶಾರ್ಪಿನ ಕಥೆ ಹೇಳಿದೆ.

2023ರಲ್ಲಿ ಹಾಲಿವುಡ್ಡಿನ ಬರಹಗಾರರು 148 ದಿನ, ನಟರು 118 ದಿನ ಕೆಲಸ ನಿಲ್ಲಿಸಿದ್ದು ಇದಕ್ಕೂ ಅಲ್ವಾ? ಒಂದು ದಿನದ ಕೂಲಿ ಕೊಟ್ಟು ಮುಖವನ್ನು ಸ್ಕ್ಯಾನ್ ಮಾಡಿಟ್ಟುಕೊಂಡರೆ ಮುಂದೇನು ಅನ್ನುವ ಭಯ ನಟರದ್ದು. 2024ರಲ್ಲಿ ಪೆಟ್ರಿಲೊನ ಹಳೆಯ ಸಂಘವೂ ಸ್ಟುಡಿಯೊಗಳ ಜೊತೆ ಒಪ್ಪಂದ ಮಾಡಿಕೊಂಡು, ಸ್ಟ್ರೀಮಿಂಗ್ ದುಡ್ಡಿನಲ್ಲಿ ಪಾಲನ್ನೂ ಎಐ ವಿಷಯದಲ್ಲಿ ರಕ್ಷಣೆಯನ್ನೂ ಬರೆಸಿಕೊಂಡಿತು. ಅವರ ಹಿಂದೆ ಎಂಬತ್ತು ವರ್ಷದ ಜಗಳದ ಅನುಭವವಿದೆ. ನಮ್ಮ ಹಿಂದೆ ನಾಲ್ಕು ದಿನದ್ದು.

ಶಿಷ್ಯೆ ವಾಟ್ಸ್ಆಪ್‌ನಲ್ಲಿ ಒಂದು ಗುಂಪು ಮಾಡಿದಳು. ಐದು ಜನ. ಇಬ್ಬರು ಪಿಟೀಲು, ಒಬ್ಬ ಕೊಳಲು, ಒಬ್ಬ ತಬಲಾ, ಒಬ್ಬಳು ಚೆಲ್ಲೊ. ಒಬ್ಬ ಮಂಗಳೂರಿನಲ್ಲಿ, ಒಬ್ಬ ಧಾರವಾಡದಲ್ಲಿ. ಇಬ್ಬರ ಮುಖ ನಾನು ನೋಡಿಯೇ ಇಲ್ಲ. ಎರಡು ಸಂಜೆ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಆರನೇ ಪುಟದ ಆ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ಬಳಸಿದರೆ ಪ್ರತಿ ಬಳಕೆಗೆ ಬೇರೆ ಕರಾರು' ಅಂತ ಬರೆದು, ಐದೂ ಜನ ಒಂದೇ ದಿನ ಕಳಿಸುವುದು. ಉತ್ತರ ಬರುವವರೆಗೂ ಒಬ್ಬರೂ ಫೈಲು ಕಳಿಸಬಾರದು. ತಬಲಾ ಹುಡುಗ ಕೇಳಿದ, 'ಸಾರ್, ಎಷ್ಟು ದಿನ ಕಾಯ್ಬೇಕು?' ನನ್ನ ಹತ್ತಿರ ಉತ್ತರವಿರಲಿಲ್ಲ. ಅವನಿಗೆ ಹೊಸದಾಗಿ ಮಗು ಆಗಿದೆ. ಅವನು ಐದನೇ ದಿನ ಕಳಿಸಿಬಿಟ್ಟರೂ ಅವನನ್ನು ಏನೂ ಅನ್ನಬೇಡ ಅಂತ ಶಿಷ್ಯೆಗೆ ಹೇಳಿದ್ದೇನೆ.

ಇವತ್ತಿಗೆ ಹನ್ನೆರಡು ದಿನ. ಅವನು ಕಳಿಸಿಲ್ಲ. ಚೆಲ್ಲೊ ಹುಡುಗಿಗೆ ಮಾತ್ರ, 'ನಿಮ್ಮ ತಿದ್ದುಪಡಿ ಪರಿಶೀಲಿಸುತ್ತಿದ್ದೇವೆ' ಅಂತ ಒಂದು ಸಾಲು ಬಂದಿದೆ. ಉಳಿದ ನಾಲ್ವರಿಗೆ ಏನೂ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಮುಗಿಸಿಟ್ಟ ಟ್ರ್ಯಾಕು ಹಾಗೇ ಕೂತಿದೆ. ನಿನ್ನೆ ರಾತ್ರಿ ಸುಮ್ನೆ ಒಂದು ಸಲ ಹಾಕಿ ಕೇಳಿದೆ. ಎರಡನೇ ನಿಮಿಷದ ಹತ್ತಿರ ಕುರ್ಚಿ ಕಿರ್ ಅಂದಿದೆ. ತೆಗೆಯಲಿಲ್ಲ.